ಓದುಗರ ಪ್ರಶ್ನೆ: ಮಿನಿ ಟ್ರ್ಯಾಕ್ಟರ್‌ನ ಡೀಸೆಲ್ ಪಂಪ್ ಬಿಚ್ಚುವ ಮುನ್ನ

ಪ್ರಶ್ನೆ: ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ 24 ಎಚ್‌ಪಿ ಮಿನಿ ಟ್ರ್ಯಾಕ್ಟರ್ ನಮ್ಮದು, ಕುಬೋಟಾ ಡಿ1105 ಎಂಜಿನ್. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಎರಡು ತಾಸು ಓಡಿಸಿ ಟ್ಯಾಂಕಿಗೆ ನೀರು ತುಂಬಲು ನಿಲ್ಲಿಸಿದರೆ ಮತ್ತೆ ಹಿಡಿಯುವುದಿಲ್ಲ. ಮುಕ್ಕಾಲು ತಾಸು ಆರಬೇಕು. ಪಂಪ್ ಪೂರ್ತಿ ಬದಲಿಸಿ ಎನ್ನುತ್ತಾರೆ ಮೆಕ್ಯಾನಿಕ್. ಬೇಕೇ?
– ಓದುಗರು, ತಿಕೋಟಾ

ಉತ್ತರ: ಲಕ್ಷಣ ನೋಡಿದರೆ ಎಲಿಮೆಂಟ್ ಸವೆದಿರುವ ಸಾಧ್ಯತೆ ಹೆಚ್ಚು. ಎಲಿಮೆಂಟ್ ಎಂದರೆ ಪ್ಲಂಜರ್ ಮತ್ತು ಅದು ಮೇಲೆ ಕೆಳಗೆ ಆಡುವ ಬ್ಯಾರಲ್‌ನ ಜೋಡಿ. ಇವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್ ಅಷ್ಟೇ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ಸವೆದ ಸಂದಿನಲ್ಲಿ ಹಿಂದಕ್ಕೆ ಜಾರುತ್ತದೆ. ಸೆಲ್ಫ್ ತಿರುಗಿಸುವ ನಿಧಾನ ವೇಗದಲ್ಲಿ, ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ನಾಜಲ್ ತೆರೆಯುವಷ್ಟು ಒತ್ತಡ ಏಳುವುದೇ ಇಲ್ಲ. ಎಂಜಿನ್ ಓಡುತ್ತಿರುವಾಗ ಜಾರಲು ಪುರುಸೊತ್ತು ಸಿಗುವುದಿಲ್ಲ, ಹಾಗಾಗಿ ಕೆಲಸದ ನಡುವೆ ದೋಷ ಗೊತ್ತಾಗುವುದಿಲ್ಲ. ಕಂಪ್ರೆಷನ್ ಕಡಿಮೆಯಾಗಿದ್ದರೆ ಬೆಳಿಗ್ಗೆ ತಣ್ಣಗಿದ್ದಾಗಲೇ ಹೆಚ್ಚು ಕಾಡಬೇಕಿತ್ತು.

ಆದರೂ ಇಷ್ಟಕ್ಕೇ ಪಂಪ್‌ಗೆ ದುಡ್ಡು ಸುರಿಯಬೇಡಿ. ಮುಂದಿನ ಸಲ ಬಿಸಿಯಲ್ಲಿ ಕೈಕೊಟ್ಟಾಗ ನಾಜಲ್ ಕಡೆಯ ಮೂರೂ ಪೈಪ್ ನಟ್‌ಗಳನ್ನು ಒಂದು ಸುತ್ತು ಸಡಿಲಿಸಿ ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಮೂರರಲ್ಲೂ ಹನಿಯೂ ಬಾರದಿದ್ದರೆ ಎಲಿಮೆಂಟ್ ಮೇಲೆ ಗುಮಾನಿ ಬೇಡ. ಡೀಸೆಲ್ ಪಂಪ್‌ವರೆಗೆ ಬರುತ್ತಿಲ್ಲ, ಇಲ್ಲವೇ ಬಿಸಿಗೆ ಸ್ಟಾಪ್ ಸೊಲೆನಾಯ್ಡ್ (ವಿದ್ಯುತ್ತಿನಿಂದ ಆಡಿ ಎಂಜಿನ್ ನಿಲ್ಲಿಸುವ ಭಾಗ) ಕೆಲಸ ಬಿಟ್ಟು, ಡೀಸೆಲ್ ಪ್ರಮಾಣ ಹೊಂದಿಸುವ ಸರಳು ಅಂದರೆ ರ್‍ಯಾಕ್ ಬಂದ್ ಸ್ಥಾನದಲ್ಲೇ ಉಳಿದಿದೆ. ಗುಳ್ಳೆ ಬೆರೆತು ಬಂದರೆ ಏರ್ ಹಿಡಿದಿದೆ: ಫಿಲ್ಟರ್ ಬಟ್ಟಲಿನ ಓ-ರಿಂಗ್, ಬಿರುಕು ಬಿಟ್ಟ ರಬ್ಬರ್ ಪೈಪ್ ನೋಡಿ. ಗುಳ್ಳೆಯಿಲ್ಲದೆ, ಆದರೆ ಬಲವಿಲ್ಲದೆ ಜಿನುಗಿದರೆ ಮಾತ್ರ ಪಂಪ್ ಕಡೆ ತಿರುಗಿ. ಸಡಿಲಿಸಿದ ನಟ್ ಹತ್ತಿರ ಬೆರಳು ಹಿಡಿಯಬೇಡಿ. ಈ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟೇ ಗುರುತು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಬೆರಳು ಕಳೆದುಕೊಳ್ಳುವ ಗಾಯ ಅದು.

ಕೊನೆಯ ತೀರ್ಪು ಪ್ರೆಷರ್ ಗೇಜ್‌ನದು. ಪಂಪ್‌ನ ಡೆಲಿವರಿ ಬಾಯಿಗೆ ಗೇಜ್ ಕಟ್ಟಿ ಎಂಜಿನ್ ತಿರುಗಿಸಿದಾಗ ಒತ್ತಡ ಚದರ ಸೆಂ.ಮೀ.ಗೆ 150 ಕೆಜಿ ದಾಟಬೇಕು. ದಾಟದಿದ್ದರೆ ಎಲಿಮೆಂಟ್ ಮುಗಿದಿದೆ. ದಾಟಿ, 150ರಿಂದ 140ಕ್ಕೆ ಇಳಿಯಲು ಐದು ಸೆಕೆಂಡೂ ಹಿಡಿಯದಿದ್ದರೆ ಡೆಲಿವರಿ ವಾಲ್ವ್, ಅಂದರೆ ಪೈಪಿಗೆ ಹೋದ ಡೀಸೆಲ್ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್, ಕೆಟ್ಟಿದೆ. ಹೊಸ ವಾಲ್ವ್ ಆದರೆ ಹತ್ತು ಸೆಕೆಂಡ್ ಹಿಡಿಯುತ್ತದೆ. ಎರಡೂ ಸರಿಯಿದ್ದರೆ ಪಂಪ್ ಮುಟ್ಟಬೇಡಿ.

ಡೆಲಿವರಿ ವಾಲ್ವ್ ಒಂದನ್ನು ಟ್ರ್ಯಾಕ್ಟರ್ ಮೇಲೇ ಬದಲಿಸಬಹುದು. ಸುತ್ತಲೂ ಚೆನ್ನಾಗಿ ತೊಳೆದು, ಒಂದು ಸಿಲಿಂಡರ್ ಮುಗಿಸಿ ಜೋಡಿಸಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ವಾಲ್ವ್ ಮತ್ತು ಅದರ ಸೀಟು ಜೋಡಿಯಾಗಿಯೇ ಇರಬೇಕು, ಅದಲು ಬದಲಾದರೆ ಎರಡೂ ಸೋರುತ್ತವೆ. ಹೊಸ ಗ್ಯಾಸ್ಕೆಟ್ ಹಾಕಿ, ವಾಲ್ವನ್ನು ಹಿಡಿದಿಡುವ ಹೋಲ್ಡರನ್ನು ಟಾರ್ಕ್ ರೆಂಚ್‌ನಲ್ಲಿ 4ರಿಂದ 5 ಕೆಜಿ-ಮೀಟರ್‌ಗೆ ಬಿಗಿಯಿರಿ. ಪೈಪ್ ನಟ್‌ಗೆ 2.5ರಿಂದ 3.5 ಸಾಕು. ಎಲಿಮೆಂಟ್ ಮಾತ್ರ ತೋಟದಲ್ಲಿ ಬಿಚ್ಚುವ ಸಾಮಾನಲ್ಲ. ಮೂರೂ ಸಿಲಿಂಡರ್‌ಗೆ ಸಮ ಡೀಸೆಲ್ ಹೋಗುವಂತೆ ಟೆಸ್ಟ್ ಬೆಂಚ್ ಮೇಲೆ ಕ್ಯಾಲಿಬ್ರೇಷನ್ ಆಗಲೇಬೇಕು. ಇಲ್ಲದಿದ್ದರೆ ಹೊಸ ಎಲಿಮೆಂಟ್ ಹಾಕಿದರೂ ಒಂದು ಸಿಲಿಂಡರ್ ಕಪ್ಪು ಹೊಗೆ ಕಾರುತ್ತದೆ, ಇನ್ನೊಂದು ಮಿಸ್ ಹೊಡೆಯುತ್ತದೆ.

ಪ್ರಶ್ನೆ: ಇದೇ ಎಂಜಿನ್. ಪಂಪ್ ರಿಪೇರಿ ಮಾಡಿಸಿ ಕೂರಿಸಿದ ಮೇಲೆ ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ ಕಿರುಚಿಕೊಂಡು ಓಡಿತು. ಕೀ ತಿರುಗಿಸಿದರೂ ನಿಲ್ಲಲಿಲ್ಲ. ಗಾಳಿ ಮುಚ್ಚಿ ನಿಲ್ಲಿಸಿದೆವು. ಅದಕ್ಕೂ ಮೊದಲ ಕ್ಷಣದಿಂದಲೇ ಕಟಕಟ ಎಂಬ ಗಡುಸು ಸದ್ದಿತ್ತು.
– ಓದುಗರು, ಚನ್ನಗಿರಿ

ಉತ್ತರ: ಗಾಳಿ ಮುಚ್ಚಿದ್ದು ಎಂಜಿನ್ ಉಳಿಸಿತು. ಇಲ್ಲಿ ಎರಡು ತಪ್ಪು ಒಟ್ಟಿಗೆ ಆಗಿರುವಂತಿದೆ.

ಮೊದಲನೆಯದು ರ್‍ಯಾಕ್. ಪಂಪ್‌ನ ರ್‍ಯಾಕ್ ತುದಿಯಲ್ಲಿ ಒಂದು ಪುಟ್ಟ ಪಿನ್ ಇದೆ. ಎಂಜಿನ್ ವೇಗವನ್ನು ಹಿಡಿತದಲ್ಲಿಡುವ ಗವರ್ನರ್ ಬ್ಲಾಕ್ ಒಳಗಿದೆ, ಅದರ ಫೋರ್ಕ್‌ನ ಸೀಳಿನಲ್ಲಿ ಈ ಪಿನ್ ಕೂರಬೇಕು. ಹೊರಗುಳಿದರೆ ಗವರ್ನರ್‌ಗೆ ರ್‍ಯಾಕ್ ಮೇಲೆ ಹಿಡಿತವೇ ಇರುವುದಿಲ್ಲ, ಡೀಸೆಲ್ ಪೂರ್ತಿ ಬಿಟ್ಟುಕೊಳ್ಳುತ್ತದೆ. ಬೋಲ್ಟ್ ಬಿಗಿಯಾಗಿ ಕೂತಿತು ಎಂದರೆ ಪಿನ್ ಕೂತಿತು ಎಂದಲ್ಲ, ಎಡವುವುದು ಇಲ್ಲೇ. ಸ್ಟಾಪ್ ಸೊಲೆನಾಯ್ಡ್ ಬಿಚ್ಚಿ, ರ್‍ಯಾಕನ್ನು ಬೆರಳಲ್ಲಿ ಸರಿಸಿ, ಪಿನ್ ಬ್ಲಾಕ್‌ನ ಕಚ್ಚಿಗೆ ನೇರ ಬಂದಾಗ ಪಂಪ್ ನೆಟ್ಟಗೆ ಇಳಿಯುತ್ತದೆ. ಒತ್ತಿ ತುರುಕಬೇಕಾಯಿತು ಎಂದರೆ ಸರಿಯಾಗಿ ಸೇರಿಲ್ಲ, ಎತ್ತಿ ಮತ್ತೆ ಇಳಿಸಿ. ಸೊಲೆನಾಯ್ಡ್ ಹಾಕುವ ಮುಂಚೆ ಸ್ಟಾಪ್ ಲಿವರನ್ನು ಕೈಯಲ್ಲಿ ಆಡಿಸಿ, ರ್‍ಯಾಕ್ ಜೊತೆಗೇ ಸರಿಯುವುದನ್ನು ಕಣ್ಣಾರೆ ನೋಡಿ. ಮೊದಲ ಸ್ಟಾರ್ಟ್‌ಗೆ ಏರ್ ಕ್ಲೀನರ್ ಹೋಸ್ ತೆಗೆದು, ಬಾಯಿ ಮುಚ್ಚಲು ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಲಿ. ಅಂಗೈ ಒಡ್ಡಬೇಡಿ, ಬಟ್ಟೆಯೂ ಬೇಡ, ಒಳಗೆ ಎಳೆದುಕೊಳ್ಳುತ್ತದೆ.

ಎರಡನೆಯದು ಶಿಮ್. ಪಂಪ್ ಅಡಿಯಲ್ಲಿ ಕಾಗದದಷ್ಟು ತೆಳ್ಳನೆಯ ತಗಡುಗಳು ಎಣ್ಣೆಗೆ ಅಂಟಿಕೊಂಡಿರುತ್ತವೆ. ಅವು ಪ್ಯಾಕಿಂಗ್ ಅಲ್ಲ, ಟೈಮಿಂಗ್. 0.05 ಮಿ.ಮೀ. ದಪ್ಪ ಹೆಚ್ಚಿದರೆ ಡೀಸೆಲ್ ಅರ್ಧ ಡಿಗ್ರಿ ತಡವಾಗಿ, ಕಡಿಮೆಯಾದರೆ ಅರ್ಧ ಡಿಗ್ರಿ ಮೊದಲೇ ಚಿಮ್ಮುತ್ತದೆ. 0.25ರ ಒಂದು ಶಿಮ್ ಕಳೆದರೆ ಎರಡೂವರೆ ಡಿಗ್ರಿ ಮುಂದಾಗಿ, ನೀವು ಕೇಳಿದ ಗಡುಸು ಸದ್ದು ಬರುತ್ತದೆ. ಹಳೆಯ ಶಿಮ್‌ಗಳನ್ನು ಮೈಕ್ರೋಮೀಟರ್‌ನಲ್ಲಿ ಅಳೆದು, ಒಟ್ಟು ದಪ್ಪ ಅಷ್ಟೇ ಇರುವಂತೆ ಹೊಸತು ಹಾಕಿ. ಹಳೆಯದು ಸಿಗದಿದ್ದರೆ ಒಂದನೇ ಸಿಲಿಂಡರ್‌ನ ಪೈಪ್ ತೆಗೆದು, ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿ. ಡೆಲಿವರಿ ಬಾಯಲ್ಲಿ ನಿಂತ ಡೀಸೆಲ್ ಉಬ್ಬಿದ ಕ್ಷಣವೇ ನಿಲ್ಲಿಸಿ, ಫ್ಲೈವೀಲ್ ಮೇಲಿನ ಟೈಮಿಂಗ್ ಗುರುತು ನೋಡಿ ಶಿಮ್ ಹೊಂದಿಸಿ. ಅತಿವೇಗಕ್ಕೆ ಹೋದ ಎಂಜಿನ್ ಆದ್ದರಿಂದ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮತ್ತು ರಾಕರ್ ನಡುವಿನ ಸಂದು) ಕೂಡ ನೋಡಿಸಿ, ತಣ್ಣಗಿರುವಾಗ 0.145ರಿಂದ 0.185 ಮಿ.ಮೀ.

ಪ್ರಶ್ನೆ: ಡಿಪ್‌ಸ್ಟಿಕ್‌ನಲ್ಲಿ ಎಂಜಿನ್ ಆಯಿಲ್ ಮಟ್ಟ ಏರುತ್ತಿದೆ, ಡೀಸೆಲ್ ವಾಸನೆ. ಓಡಿಸಬಹುದೇ?
– ಓದುಗರು, ಮದ್ದೂರು

ಉತ್ತರ: ಬೇಡ. ಡೀಸೆಲ್ ಬೆರೆತ ಆಯಿಲ್ ಬೇರಿಂಗ್ ತಿನ್ನುತ್ತದೆ. ಮಟ್ಟ ತೀರ ಏರಿದರೆ ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಮೂಲಕ ಆಯಿಲನ್ನೇ ಎಳೆದುಕೊಂಡು ಎಂಜಿನ್ ಕೈಮೀರಿ ಓಡಬಹುದು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್ ಬ್ಲಾಕ್‌ಗೆ ಕೂರಿಸಿದ್ದರೆ ಮೊದಲು ಅದನ್ನು ನೋಡಿ, ಅಗ್ಗದಲ್ಲಿ ಮುಗಿಯುತ್ತದೆ. ಆಮೇಲೆ ನಾಜಲ್: 140 ಕೆಜಿ ಆಸುಪಾಸಿನಲ್ಲಿ ತೆರೆಯಬೇಕು, 130ರಲ್ಲಿ ಹತ್ತು ಸೆಕೆಂಡ್ ಹಿಡಿದರೂ ತುದಿ ಒಣಗಿರಬೇಕು. ಎರಡೂ ಸರಿಯಿದ್ದರೆ ಎಲಿಮೆಂಟ್ ಸವೆದು ಡೀಸೆಲ್ ಕ್ಯಾಮ್ ಕಡೆ ಇಳಿಯುತ್ತಿದೆ, ಪಂಪ್ ಬೆಂಚ್‌ಗೆ ಹೋಗಲಿ. ಸೀಮೆಎಣ್ಣೆ ಬೆರೆಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಪ್ಲಂಜರ್‌ಗೆ ಡೀಸೆಲ್ಲೇ ಎಣ್ಣೆ, ಬೇರೆ ಜಿಡ್ಡಿಲ್ಲ. ರಿಪೇರಿ ಮುಗಿದ ಮೇಲೆ ಹಳೆಯ ಆಯಿಲ್ ಪೂರ್ತಿ ಇಳಿಸಿ, ಆಯಿಲ್ ಫಿಲ್ಟರ್ ಸಹಿತ ಬದಲಿಸಿಯೇ ಸ್ಟಾರ್ಟ್ ಮಾಡಿ.