ರೈಟರ್ ಉತ್ತರ: ತುಮಕೂರಲ್ಲಿ ಕೊಲೆ ಜಾಸ್ತಿ ಆಗಿದೆಯಾ?

(ತುಮಕೂರು ಜಿಲ್ಲೆಯ ಠಾಣೆಗಳಲ್ಲಿ ರೈಟರ್ (ದೂರು, ದಾಖಲೆ ಬರೆಯುವ ಪೊಲೀಸ್) ಆಗಿದ್ದು, ಎಎಸ್‌ಐ ಆಗಿ ನಿವೃತ್ತರಾದವರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.)

ಪ್ರಶ್ನೆ: ಸಾರ್, ನಾನು ನಿವೃತ್ತ ಮೇಷ್ಟ್ರು. ಮೊದಲೆಲ್ಲ ಊರಲ್ಲಿ ಒಂದು ಕೊಲೆ ಆದರೆ ತಿಂಗಳುಗಟ್ಟಲೆ ಅದೇ ಮಾತು. ಈಗ ಬೆಳಿಗ್ಗೆ ವಾಟ್ಸಾಪ್ ತೆಗೆದರೆ ಮಚ್ಚು, ಲಾಂಗು, ಚಾಕು. ಬೆಂಗಳೂರಿನ ರೌಡಿಸಂ ಇಲ್ಲಿಗೂ ಬಂತಾ? ನಿಜಕ್ಕೂ ಹೆಚ್ಚಾಗಿದೆಯಾ, ಇಲ್ಲ ನನಗೆ ವಯಸ್ಸಾಯಿತಾ?
— ಓದುಗರೊಬ್ಬರು, ಸಪ್ತಗಿರಿ ಬಡಾವಣೆ, ತುಮಕೂರು

ಉತ್ತರ: ಮೇಷ್ಟ್ರೇ, ವಯಸ್ಸು ನಮ್ಮಿಬ್ಬರಿಗೂ ಆಗಿದೆ, ಅದು ಬಿಡಿ. ಲೆಕ್ಕಕ್ಕೆ ಬರೋಣ.

ದೇಶದ ಅಪರಾಧದ ಲೆಕ್ಕ ಇಡುವ ಎನ್‌ಸಿಆರ್‌ಬಿ ವಾರ್ಷಿಕ ವರದಿಯಲ್ಲಿ ನಗರವಾರು ಅಂಕಿ ಸಿಗುವುದು 20 ಲಕ್ಷಕ್ಕೂ ಹೆಚ್ಚು ಜನರಿರುವ 19 ಮಹಾನಗರಗಳದ್ದು. ಕರ್ನಾಟಕದಿಂದ ಅಲ್ಲಿರುವುದು ಬೆಂಗಳೂರು ಒಂದೇ. ತುಮಕೂರು ಜಿಲ್ಲೆಯ ಮೊತ್ತದಲ್ಲಿ ಮುಳುಗಿಹೋಗುತ್ತೆ. ಪಾವಗಡದ ಹೊಲದ ಬದುವಿನ ಹೊಡೆದಾಟವೂ ನಗರದ ಶಿರಾಗೇಟಿನ ಚಾಕು ಇರಿತವೂ ಒಂದೇ ಕಾಲಂ. 2011ರ ಜನಗಣತಿಯಲ್ಲಿ ನಗರಕ್ಕೆ ಸುಮಾರು 3 ಲಕ್ಷ ಜನ. ಆಮೇಲೆ ವಸಂತನರಸಾಪುರದ ಕಾರ್ಖಾನೆಗಳಿಗೆ ಬಂದವರೆಷ್ಟು, ಇಲ್ಲಿ ಮನೆ ಮಾಡಿ ಬೆಂಗಳೂರಿಗೆ ದಿನಾ ರೈಲಲ್ಲಿ ಹೋಗಿಬರುವವರೆಷ್ಟು? 2021ರ ಜನಗಣತಿ ನಡೆಯಲೇ ಇಲ್ಲ. ಹಳೇ ಜನಸಂಖ್ಯೆಗೆ ಹೊಸ ಕೇಸು ಭಾಗಿಸಿದರೆ ಪ್ರಮಾಣ ಏರಿದ ಹಾಗೇ ಕಾಣುತ್ತೆ.

ಸಣ್ಣ ಸಂಖ್ಯೆಯ ಆಟ ಇನ್ನೊಂದು. ವರ್ಷಕ್ಕೆ 6 ಕೊಲೆ ಕೇಸು ದಾಖಲಾಗುವ ಊರಲ್ಲಿ ಮುಂದಿನ ವರ್ಷ 9 ಆದವು ಅಂದುಕೊಳ್ಳಿ, ‘ಶೇ 50ರಷ್ಟು ಏರಿಕೆ’ ಅಂತ ತಲೆಬರಹ. ಅತ್ತ ಒಂದೇ ಮನೆಯಲ್ಲಿ ಮೂವರು ಸತ್ತರೂ ಕೇಸು ಒಂದೇ! ಐದೈದು ವರ್ಷ ಕೂಡಿಸಿ ಹೋಲಿಸಿದರೆ ಏನಾದರೂ ತಿಳಿದೀತು.

ಹೊಡೆದಾಟದ ಲೆಕ್ಕವಂತೂ ನನ್ನಂಥವನ ಪೆನ್ನಲ್ಲಿತ್ತು. ರಾತ್ರಿ ಆಸ್ಪತ್ರೆಯಿಂದ ಎಂಎಲ್‌ಸಿ ಮೆಮೊ (ಪೊಲೀಸ್ ಕೇಸಾಗಬಹುದಾದ ಗಾಯಾಳು ಬಂದರೆ ಡಾಕ್ಟರು ಠಾಣೆಗೆ ಕಳಿಸುವ ಚೀಟಿ) ಬರುತ್ತೆ: ಬಾರ್ ಮುಂದೆ ಜಗಳ, ಬಾಟಲಿ ಏಟು, ತಲೆಗೆ ಗಾಯ. ಕೊಲೆ ಯತ್ನ ಅಂತ ಬರೆದರೆ ಆಗ ಹಳೇ ಐಪಿಸಿಯ ಕಲಂ 307, 2024ರ ಜುಲೈಯಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್ 109. ಆಯುಧದಿಂದ ಗಾಯ ಅಂತ ಬರೆದರೆ ಆಗ 324, ಈಗ 118(1). ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ರಾಜಿ ಮಾಡಿಸಿ ಕಳಿಸಿದರೆ ಲೆಕ್ಕದಲ್ಲಿ ಏನೂ ಇಲ್ಲ. ಸಾಹೇಬರು ವರ್ಗವಾಗಿ ಹೊಸಬರು ಬಂದ ವರ್ಷ ಅಪರಾಧ ‘ಏರಿದ್ದು’, ಅವರೂ ಹೋದಮೇಲೆ ‘ಇಳಿದದ್ದು’ ಎರಡನ್ನೂ ನೋಡಿದ್ದೇನೆ. ಊರು ಅದೇ, ಬಾರ್ ಅದೇ. 2013ರಲ್ಲಿ ಸುಪ್ರೀಂ ಕೋರ್ಟು ಲಲಿತಾ ಕುಮಾರಿ ಪ್ರಕರಣದಲ್ಲಿ, ದೂರಿನಲ್ಲಿ ಕಾಗ್ನಿಜಬಲ್ ಅಪರಾಧ (ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರೇ ತನಿಖೆ ಮಾಡಬಹುದಾದದ್ದು) ಕಂಡರೆ ಎಫ್‌ಐಆರ್ ಹಾಕಲೇಬೇಕು ಅಂದಿತು. ಕೇಸು ಹೆಚ್ಚಾದರೆ ಅದಕ್ಕೆಲ್ಲ ಬೇಜಾರಾಗಬೇಕಿಲ್ಲ, ಠಾಣೆ ಕೆಲಸ ಮಾಡುತ್ತಿದೆ ಅಂತಲೂ ಆಗಬಹುದು. ಕೊಲೆಯ ಅಂಕಿಯನ್ನು ಮಾತ್ರ ಹೆಚ್ಚು ನಂಬುತ್ತೇನೆ. ಹೆಣ ಬಿದ್ದಮೇಲೆ ಬೆಂಚಿನ ಮೇಲೆ ರಾಜಿ ನಡೆಯುವುದಿಲ್ಲ.

ಆ ಕೊಲೆಗಳಾದರೂ ಯಾಕೆ ಆಗುತ್ತವೆ? 2022ರಲ್ಲಿ ದೇಶದಲ್ಲಿ 28,522 ಕೊಲೆ ಪ್ರಕರಣ. ಜಗಳ-ವ್ಯಾಜ್ಯಕ್ಕೆ 9,962, ಹಗೆತನಕ್ಕೆ 3,761, ದುಡ್ಡು-ಲಾಭಕ್ಕೆ 1,884. ನಾನು ಬರೆದುಕೊಂಡ ದೂರುಗಳೂ ಇದೇ ಜಾತಿಯವು. ಜಗಳದ ವಸ್ತು ಬದಲಾಯಿತು ಅಷ್ಟೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬದು, ಕಾಲುದಾರಿ, ತೆಂಗಿನ ಮರ. ನಿವೃತ್ತಿ ಹೊತ್ತಿಗೆ ರೆವೆನ್ಯೂ ಸೈಟು, ಒಂದೇ ಸೈಟನ್ನು ಇಬ್ಬರಿಗೆ ಮಾರಿದ ಜಿಪಿಎ (ಅಧಿಕಾರ ಪತ್ರ), ಮೀಟರ್ ಬಡ್ಡಿ. ಹೆದ್ದಾರಿ ಪಕ್ಕದ ಜಮೀನಿಗೆ ಕೋಟಿ ಬೆಲೆ ಬಂದಕೂಡಲೇ, ಅಲ್ಲಿವರೆಗೆ ಭಾಗ ಕೇಳದಿದ್ದ ಅಣ್ಣತಮ್ಮಂದಿರು ವಕೀಲರ ಮನೆ ಬಾಗಿಲಲ್ಲಿ. ಸಿವಿಲ್ ಕೋರ್ಟಲ್ಲಿ ದಾವೆ ವರ್ಷಗಟ್ಟಲೆ ಎಳೆಯುತ್ತೆ. ಅಷ್ಟು ದಿನ ಕಾಯಲಾರದವನು ‘ಸೆಟ್ಲ್‌ಮೆಂಟ್ ಮಾಡಿಸ್ತೀನಿ’ ಅನ್ನುವವನ ಹತ್ತಿರ ಹೋಗುತ್ತಾನೆ. ನಮ್ಮೂರಲ್ಲಿ ರೌಡಿ ಹುಟ್ಟಿದ್ದು ಈ ಸಂದಿಯಲ್ಲಿ, ಅವನು ಬೆಂಗಳೂರಿಂದ ಬಸ್ ಹತ್ತಿ ಬಂದವನಲ್ಲ. ಲಾಂಗಲ್ಲಿ ಕೇಕ್ ಕತ್ತರಿಸಿ ರೀಲ್ಸ್ ಹಾಕುವ ಹುಡುಗರು ನಿಮ್ಮ ವಾಟ್ಸಾಪಿಗೆ ಬರುತ್ತಾರೆ. ಸೈಟಿನ ಕರಾರುಪತ್ರ ಬರುವುದಿಲ್ಲ.

2018ರಲ್ಲಿ ಮಾಜಿ ಮೇಯರ್ ಒಬ್ಬರನ್ನು ಬಟವಾಡಿ ಬಳಿ ಕೊಂದಾಗ ಊರು ನಡುಗಿದ್ದು ನಿಜ. ಆದರೂ ಸಂಜೆ ವಾಕಿಂಗ್ ಹೊರಟ ಮೇಷ್ಟ್ರಿಗೆ ಗುರುತಿಲ್ಲದವನ ಮಚ್ಚಿಗಿಂತ ಬಿ.ಎಚ್. ರಸ್ತೆ ದಾಟುವುದೇ ದೊಡ್ಡ ಗಂಡಾಂತರ. ಅನುಮಾನವಿದ್ದರೆ ರಾಜ್ಯ ಪೊಲೀಸ್ ಜಾಲತಾಣದಲ್ಲಿ ಎಫ್‌ಐಆರ್ ಓದಿ. 2016ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಹಾಕುತ್ತಾರೆ. ಆರೋಪಿಗೂ ಸತ್ತವನಿಗೂ ಏನು ಸಂಬಂಧ ಅನ್ನುವ ಸಾಲನ್ನು ಹುಡುಕಿ.

ಪ್ರಶ್ನೆ: ಪಕ್ಕದ ಮನೆಯವರು ನಮ್ಮ ಯಜಮಾನರಿಗೆ ಕಬ್ಬಿಣದ ರಾಡಲ್ಲಿ ಹೊಡೆದರು. ಠಾಣೆಯಲ್ಲಿ ಎನ್‌ಸಿಆರ್ (ತನಿಖೆ ಇಲ್ಲದ ಸಣ್ಣ ಅಪರಾಧ ಅಂತ ಬರೆದ ಚೀಟಿ) ಕೊಟ್ಟು ಕಳಿಸಿದರು. ಮುಂದೇನು?
— ಗೃಹಿಣಿ, ಕ್ಯಾತ್ಸಂದ್ರ

ಉತ್ತರ: ತಾಯೀ, ಬರಿಗೈಲಿ ಹೊಡೆದ ಸಣ್ಣ ಪೆಟ್ಟು ಬಿಎನ್‌ಎಸ್ 115(2), ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ಎನ್‌ಸಿಆರ್ ಅದಕ್ಕೆ ಸರಿ. ಅಪಾಯಕಾರಿ ಆಯುಧದ ಏಟು ಬೇರೆ, 118ಕ್ಕೆ ಎಫ್‌ಐಆರ್ ಹಾಕಬೇಕು. ಯಜಮಾನರನ್ನು ಇವತ್ತೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ‘ರಾಡಿನ ಏಟು’ ಅಂತ ಡಾಕ್ಟರು ಬರೆಯುವಂತೆ ಬಾಯಿಬಿಟ್ಟು ಹೇಳಿ. ನಾಚಿಕೆಪಟ್ಟು ‘ಬಿದ್ದೆ’ ಅಂದರೆ ಗಾಯದ ಪ್ರಮಾಣಪತ್ರ ನಿಮಗೇ ತಿರುಗಿಬೀಳುತ್ತೆ. ಆಮೇಲೂ ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ (ಪೊಲೀಸ್-ಕೋರ್ಟಿನ ಕ್ರಮ ಹೇಳುವ ಹೊಸ ಕಾನೂನು) 173(4)ರಲ್ಲಿ ಎಸ್‌ಪಿಯವರಿಗೆ ದೂರನ್ನು ಅಂಚೆಯಲ್ಲಿ ಕಳಿಸಿ, ರಸೀದಿ ಜೋಪಾನ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು. ಪಕ್ಕದ ಮನೆಯವರು ಕೌಂಟರ್ ಕೇಸು ಹಾಕುವುದು ಮಾಮೂಲು, ಗಾಬರಿ ಬೇಡ.

ಪ್ರಶ್ನೆ: ಬೆಳಗಾವಿ, ಕಲಬುರಗಿಗೆ ಪೊಲೀಸ್ ಕಮಿಷನರ್ ಕೊಟ್ಟರು. ತುಮಕೂರಿಗೆ ಯಾಕಿಲ್ಲ?
— ಕಾಲೇಜು ವಿದ್ಯಾರ್ಥಿ

ಉತ್ತರ: ಕಮಿಷನರ್ ಬಂದರೆ ಗಡಿಪಾರು, ಮುಚ್ಚಳಿಕೆ ಬರೆಸಿಕೊಳ್ಳುವ ಅಧಿಕಾರ ಪೊಲೀಸರ ಕೈಗೇ ಬರುತ್ತೆ, ಎಸಿ-ಡಿಸಿ ಕಚೇರಿಗೆ ಫೈಲು ಹೊತ್ತು ಕಾಯುವುದು ತಪ್ಪುತ್ತೆ. ಅಷ್ಟು ಒಳ್ಳೆಯದೇ. ನನ್ನನ್ನು ಕೇಳಿದರೆ ಮೊದಲು ರಾತ್ರಿ ಬೀಟಿಗೆ ಜನ ಕೊಡಲಿ, ಸರ್ವೆ ಇಲಾಖೆ ಹದ್ದುಬಸ್ತಿನ (ಜಮೀನಿನ ಗಡಿ ಅಳೆದು ಗುರುತಿಸುವ) ಅರ್ಜಿಗಳನ್ನು ಬೇಗ ಮುಗಿಸಲಿ.