ಓದುಗರ ಪ್ರಶ್ನೆ, ನಮ್ಮ ಉತ್ತರ: ತೆರೆದ ಛಾವಣಿಯ ಸ್ಪೋರ್ಟ್ಸ್ ಕಾರಿಗೆ ಯಾವ ಆಪ್ಷನ್ ಬೇಕು, ಯಾವುದು ಬೇಡ?

ಛಾವಣಿ ಮಡಚುವ ಶಕ್ತಿಶಾಲಿ ಕಾರು ಕೊಳ್ಳಲು ಹೊರಟವರ ಪತ್ರಗಳು ಕೆಲವು ತಿಂಗಳಿಂದ ಸೇರುತ್ತಾ ಬಂದಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇನೆ.

ಪ್ರಶ್ನೆ: ಬಹುಕಾಲದ ಆಸೆಯಂತೆ ಪೋರ್ಷೆ 911 ಕ್ಯಾಬ್ರಿಯೋಲೆ (ಆ ಕಾರಿನ ಛಾವಣಿ ಮಡಚುವ ಮಾದರಿ) ಬುಕ್ ಮಾಡುವ ಹಂತಕ್ಕೆ ಬಂದಿದ್ದೇನೆ. ಜಾಲತಾಣದಲ್ಲಿ ಕಾರನ್ನು ನನಗೆ ಬೇಕಾದಂತೆ ಜೋಡಿಸುತ್ತಾ ಹೋದರೆ ಆಪ್ಷನ್‌ಗಳ ಮೊತ್ತವೇ ಮೂಲಬೆಲೆಯ ಮೂರನೆಯ ಒಂದು ಭಾಗವನ್ನು ಮುಟ್ಟುತ್ತಿದೆ. ಎಲ್ಲಿಂದ ಆರಂಭಿಸಬೇಕು, ಎಲ್ಲಿ ಕೈ ಬಿಗಿಹಿಡಿಯಬೇಕು?

ಉತ್ತರ: ಮೂಗಿಗಿಂತ ಮೂಗುತಿ ಭಾರವಾಗುವುದು ಈ ವರ್ಗದ ಕಾರುಗಳಲ್ಲಿ ತೀರ ಸಾಮಾನ್ಯ. ಪಟ್ಟಿಯ ಪ್ರತಿಯೊಂದು ಸಾಲಿಗೂ ಎರಡೇ ಪ್ರಶ್ನೆಗಳನ್ನು ಹಾಕಿ ನೋಡಿ. ಇದನ್ನು ಕಾರು ಮನೆಗೆ ಬಂದ ಮೇಲೆ ಹಾಕಿಸಲು ಸಾಧ್ಯವೇ? ಛಾವಣಿ ತೆರೆದು ಓಡಿಸುವಾಗ ಇದರ ಪ್ರಯೋಜನ ನನಗೆ ತಲುಪುತ್ತದೆಯೇ? ಮೊದಲನೆಯದಕ್ಕೆ ‘ಇಲ್ಲ’ ಎಂದೂ ಎರಡನೆಯದಕ್ಕೆ ‘ಹೌದು’ ಎಂದೂ ಉತ್ತರ ಬಂದ ಸಾಲುಗಳೇ ನಿಮ್ಮ ಮೊದಲ ಖರ್ಚು. ಚಕ್ರಗಳು, ಎಕ್ಸಾಸ್ಟ್, ಕಾರ್ಬನ್ ಫೈಬರ್ ಅಲಂಕಾರದ ಪಟ್ಟಿಗಳು ಇವೆಲ್ಲ ನಾಳೆಯೂ ಸಿಗುತ್ತವೆ. ಸಸ್ಪೆನ್ಶನ್, ತಿರುಗುವ ಹಿಂಚಕ್ರ, ಮೂಗು ಎತ್ತುವ ವ್ಯವಸ್ಥೆ, ಸೀಟುಗಳ ಬಗೆ ಇವು ಕಾರ್ಖಾನೆಯಲ್ಲಿ ಸೇರದಿದ್ದರೆ ಸೇರಿದಂತೆಯೇ ಇಲ್ಲ.

ಇವುಗಳಲ್ಲಿ ಸಸ್ಪೆನ್ಶನ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಕೂಪೆ (ಛಾವಣಿ ಮಡಚದ ಮಾದರಿ) ಕೊಳ್ಳುವವರಿಗೆ ಸರಿಹೊಂದುವ ಸಲಹೆ ಕನ್ವರ್ಟಿಬಲ್ (ಛಾವಣಿ ಮಡಚುವ ಕಾರು) ಕೊಳ್ಳುವವರಿಗೆ ದಾರಿ ತಪ್ಪಿಸುವುದು ಇಲ್ಲಿಯೇ. ಉಕ್ಕಿನ ಛಾವಣಿ ಮಳೆ ಬಿಸಿಲಿಗಷ್ಟೇ ಇರುವುದಲ್ಲ; ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಮೇಲಿನಿಂದ ಬಿಗಿದು ಹಿಡಿಯುವ ಸೇತುವೆಯೂ ಅದೇ. ಅದನ್ನು ತೆಗೆದಾಗ ಒಡಲಿನ ಬಿಗಿತ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಲು ತಳಭಾಗದಲ್ಲೂ ಬಾಗಿಲ ಕೆಳಗಿನ ತೊಲೆಗಳಲ್ಲೂ ಲೋಹವನ್ನು ಸೇರಿಸುತ್ತಾರೆ, ಅದರ ಮೇಲೆ ಛಾವಣಿಯ ಯಂತ್ರದ ತೂಕವೂ ಕೂಡಿಕೊಳ್ಳುತ್ತದೆ. 911ರ 992 ಎಂಬ ಪೀಳಿಗೆಯಲ್ಲಿ ಕರೆರಾ ಎಸ್ ಮಾದರಿಯ ಕ್ಯಾಬ್ರಿಯೋಲೆ ತನ್ನ ಕೂಪೆಗಿಂತ ಸುಮಾರು 70 ಕೆ.ಜಿ. ಹೆಚ್ಚು ತೂಗುವುದು ಇದರಿಂದಲೇ. 10 ಮಿ.ಮೀ. ತಗ್ಗಿಸಿದ ಸ್ಪೋರ್ಟ್ ಸಸ್ಪೆನ್ಶನ್ 911 ಕ್ಯಾಬ್ರಿಯೋಲೆಗೆ ಮೊದಲ ಬಾರಿಗೆ ದೊರೆತದ್ದೂ 2019ರಲ್ಲಿ ಬಂದ ಈ ಪೀಳಿಗೆಯಲ್ಲಿಯೇ. ಗಡುಸಾದ ಸ್ಪ್ರಿಂಗನ್ನು ತಡೆದುಕೊಳ್ಳಲು ಅಷ್ಟೇ ಗಡುಸಾದ ಒಡಲು ಬೇಕು.

ಟೆಸ್ಟ್ ಡ್ರೈವ್‌ಗೆ ಹೋದಾಗ ಹೀಗೆ ಮಾಡಿ. ಛಾವಣಿ ತೆರೆದು, ಸ್ವಲ್ಪ ಕಿತ್ತುಹೋದ ರಸ್ತೆಯೊಂದನ್ನು ಆರಿಸಿಕೊಂಡು, ಗಂಟೆಗೆ 40–50 ಕಿ.ಮೀ. ವೇಗದಲ್ಲಿ ಸಾಗುತ್ತಾ ವಿಂಡ್‌ಸ್ಕ್ರೀನಿಗೆ ಅಂಟಿಕೊಂಡ ಒಳಗನ್ನಡಿಯನ್ನು ನೋಡಿ. ಹಿಂದಿನ ವಾಹನದ ಪ್ರತಿಬಿಂಬ ಅದರಲ್ಲಿ ನಿಚ್ಚಳವಾಗಿ ನಿಂತಿದ್ದರೆ ಸರಿ. ಅಂಚು ಕಲಸಿಹೋಗಿ ಎರಡೆರಡಾಗಿ ಕಂಡರೆ ಕಾರಿನ ಒಡಲು ನಡುಗುತ್ತಿದೆ ಎಂದು ತಿಳಿಯಬೇಕು. ಇನ್ನೂ ಒಂದು ಇಂಚು ದೊಡ್ಡ ಚಕ್ರವನ್ನು ಆರಿಸಿದರೆ ಟೈರಿನ ಬದಿಗೋಡೆ ತೆಳುವಾಗಿ ಈ ನಡುಕ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಆದ್ದರಿಂದ ನನ್ನ ಸಲಹೆ: ಎಲೆಕ್ಟ್ರಾನಿಕ್ ಡ್ಯಾಂಪರ್ (ಸ್ಪ್ರಿಂಗಿನ ಕುಲುಕಾಟವನ್ನು ಹಿಡಿದಿಡುವ ಭಾಗ) ಆಪ್ಷನ್ ಆಗಿದ್ದರೆ ತಪ್ಪದೆ ತೆಗೆದುಕೊಳ್ಳಿ, ಅತಿ ದೊಡ್ಡ ಚಕ್ರವನ್ನು, ಅದು ಫೋಟೋದಲ್ಲಿ ಎಷ್ಟೇ ಚಂದ ಕಂಡರೂ, ಬಿಟ್ಟುಬಿಡಿ.

ಪ್ರಶ್ನೆ: ಬಟ್ಟೆಯ ಛಾವಣಿಯ ಕಾರು ಕೊಳ್ಳಬೇಕೇ, ಮಡಚುವ ಗಟ್ಟಿ ಛಾವಣಿಯದನ್ನೇ? ಬಟ್ಟೆಯೆಂದರೆ ಹಳೆಯ ಕಾಲದ ತಂತ್ರ ಎಂದು ಗೆಳೆಯರು ಹೇಳುತ್ತಾರೆ.

ಉತ್ತರ: ಗೆಳೆಯರ ಮಾತು ಇಪ್ಪತ್ತು ವರ್ಷ ಹಿಂದಿನದು. ಮರ್ಸಿಡಿಸ್ 2001ರಲ್ಲಿ ತನ್ನ ಎಸ್‌ಎಲ್ ಕಾರಿಗೆ ಮಡಚುವ ಲೋಹದ ಛಾವಣಿಯನ್ನು ತಂದಾಗ ಬಟ್ಟೆಯ ಕಾಲ ಮುಗಿಯಿತೆಂದೇ ಅನೇಕರು ಭಾವಿಸಿದ್ದರು. 2021ರ ಎಸ್‌ಎಲ್ ಮತ್ತೆ ಬಟ್ಟೆಗೇ ಮರಳಿತು. ಹಾಗೆ ಮಾಡಿದ್ದರಿಂದ ಉಳಿದದ್ದು 21 ಕೆ.ಜಿ.; ಅದೂ ಕಾರಿನ ನೆತ್ತಿಯ ಮೇಲಿನ, ಗುರುತ್ವಕೇಂದ್ರವನ್ನು ಮೇಲಕ್ಕೆಳೆಯುವ 21 ಕೆ.ಜಿ. ಬಿಎಂಡಬ್ಲ್ಯು ಝಡ್4 ಕೂಡ ಒಂದು ಪೀಳಿಗೆ ಗಟ್ಟಿ ಛಾವಣಿ ಹೊತ್ತು ಮುಂದಿನ ಪೀಳಿಗೆಯಲ್ಲಿ ಬಟ್ಟೆಗೆ ಬಂತು. ಫೆರಾರಿ 2023ರಲ್ಲಿ ರೋಮಾ ಸ್ಪೈಡರಿಗೆ ಆರಿಸಿದ್ದೂ ಬಟ್ಟೆಯನ್ನೇ. ಇಂದಿನ ಬಟ್ಟೆ ಎಂದರೆ ಒಂದೇ ಪದರವಲ್ಲ. ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಶಬ್ದ ತಡೆಯುವ ಪದರವಿರುತ್ತದೆ. 911ರಲ್ಲಂತೂ ಬಟ್ಟೆಯ ಕೆಳಗೆ ಮೆಗ್ನೀಸಿಯಮ್ ಹಲಗೆಗಳಿರುವುದರಿಂದ ವೇಗದಲ್ಲಿಯೂ ಛಾವಣಿ ಬಲೂನಿನಂತೆ ಉಬ್ಬುವುದಿಲ್ಲ.

ಹಾಗೆಂದು ಗಟ್ಟಿ ಛಾವಣಿ ಸೋತಿತೆಂದು ಅರ್ಥವಲ್ಲ. ಎಂಜಿನ್ ನಡುವೆ ಇರುವ ಎರಡು ಸೀಟಿನ ಕಾರಿನಲ್ಲಿ ಛಾವಣಿಯೆಂಬುದು ಗಿಡ್ಡ ಹಲಗೆಯಷ್ಟೇ. ಅದು ಮಡಚಿ ಕೂರಲು ಹೆಚ್ಚು ಜಾಗ ಬೇಡ, ತೂಕವೂ ಮಿತಿಯಲ್ಲಿರುತ್ತದೆ. ಕಾರ್ವೆಟ್ ಸಿ8 ಕನ್ವರ್ಟಿಬಲ್ ಅದನ್ನೇ ಆರಿಸಿಕೊಂಡಿದೆ. ಮೆಕ್‌ಲಾರೆನ್ 720ಎಸ್ ಸ್ಪೈಡರಿನ ತೊಟ್ಟಿಯಂಥ ಕಾರ್ಬನ್ ಫೈಬರ್ ಒಡಲಿಗೆ ಛಾವಣಿಯ ಆಸರೆಯೇ ಬೇಕಿಲ್ಲವಾದ್ದರಿಂದ ಅದು ಕೂಪೆಗಿಂತ ಹೆಚ್ಚು ತೂಗುವುದು 49 ಕೆ.ಜಿ. ಮಾತ್ರ. ನಾಲ್ಕು ಸೀಟಿನ ಉದ್ದ ಛಾವಣಿಯಾದರೆ ಬಟ್ಟೆ, ಎರಡು ಸೀಟಿನ ನಡು ಎಂಜಿನ್ನಾದರೆ ಗಟ್ಟಿ ಛಾವಣಿ. ನಾನು ಹೀಗೆ ವಿಂಗಡಿಸಿಕೊಂಡಿದ್ದೇನೆ.

ಎರಡರಲ್ಲಿ ಯಾವುದಾದರೂ ಕೇಳಬೇಕಾದ ಪ್ರಶ್ನೆ, ಎಷ್ಟು ಸೆಕೆಂಡಿನಲ್ಲಿ ತೆರೆಯುತ್ತದೆ ಎಂಬುದಲ್ಲ, ಯಾವ ವೇಗದವರೆಗೆ ತೆರೆಯುತ್ತದೆ ಎಂಬುದು. 911ರದು ಸುಮಾರು 12 ಸೆಕೆಂಡು, ಗಂಟೆಗೆ 50 ಕಿ.ಮೀ.ವರೆಗೆ, ಎಸ್‌ಎಲ್‌ನದು ಸುಮಾರು 15 ಸೆಕೆಂಡು, ಆದರೆ 60 ಕಿ.ಮೀ.ವರೆಗೆ. ಹನಿ ಬೀಳತೊಡಗಿದಾಗ ರಸ್ತೆಬದಿಯಲ್ಲಿ ನಿಲ್ಲಿಸದೆ ಮುಚ್ಚಿಕೊಳ್ಳಬಹುದೇ ಎಂಬುದೇ ಆ ಹೊತ್ತಿಗೆ ಮುಖ್ಯವಾಗುತ್ತದೆ. ಬಟ್ಟೆಯದನ್ನು ಕೊಂಡವರಿಗೆ ಒಂದು ಕಿವಿಮಾತು: ಒದ್ದೆ ಛಾವಣಿಯನ್ನು ಮಡಚಿ ವಾರಗಟ್ಟಲೆ ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ಪ್ರಶ್ನೆ: ಹಳದಿ ಕ್ಯಾಲಿಪರಿನ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಸೆರಾಮಿಕ್ ಬ್ರೇಕ್ ಹಾಕಿಸದಿದ್ದರೆ ಮುಂದೆ ಪಶ್ಚಾತ್ತಾಪವಾಗುತ್ತದೆ ಎಂದು ಡೀಲರ್ ಒತ್ತಾಯಿಸುತ್ತಿದ್ದಾರೆ. ಕಾರು ಅದರಿಂದ ಬೇಗ ನಿಲ್ಲುತ್ತದೆಯೇ?

ಉತ್ತರ: ನೀವು ನಿರೀಕ್ಷಿಸುವ ಅರ್ಥದಲ್ಲಿ ಇಲ್ಲ. ತುರ್ತಾಗಿ ಒಮ್ಮೆ ಬ್ರೇಕ್ ತುಳಿದಾಗ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದನ್ನು ನಿರ್ಧರಿಸುವುದು ಟೈರಿನ ಹಿಡಿತ. ಸಾಮಾನ್ಯ ಬೀಡುಕಬ್ಬಿಣದ ಡಿಸ್ಕಿಗೂ ಚಕ್ರವನ್ನು ಎಬಿಎಸ್ (ಚಕ್ರ ತಿರುಗದೆ ಜಾರುವುದನ್ನು ತಡೆಯುವ ವ್ಯವಸ್ಥೆ) ಕೆಲಸಕ್ಕಿಳಿಯುವ ಮಿತಿಗೆ ತರುವಷ್ಟು ಶಕ್ತಿ ಇದ್ದೇ ಇರುತ್ತದೆ. ಸೆರಾಮಿಕ್ ಗೆಲ್ಲುವುದು ಬೇರೆ ಕಡೆ. ಮೇಲಿಂದ ಮೇಲೆ ಅತಿವೇಗದಿಂದ ಬ್ರೇಕ್ ತುಳಿದಾಗಲೂ ಅದರ ಬಲ ಕುಂದುವುದಿಲ್ಲ. ಡಿಸ್ಕಿನ ತೂಕ ಕಬ್ಬಿಣದ್ದರ ಸುಮಾರು ಅರ್ಧವಾದ್ದರಿಂದ ಸ್ಪ್ರಿಂಗಿನ ಕೆಳಗಿನ ಭಾರ ಇಳಿದು ಚಕ್ರ ರಸ್ತೆಯ ಏರುತಗ್ಗನ್ನು ಚುರುಕಾಗಿ ಅನುಸರಿಸುತ್ತದೆ. ಇದರ ಜೊತೆಗೆ ತುಕ್ಕಿಲ್ಲ, ಚಕ್ರಕ್ಕೆ ಮೆತ್ತುವ ಕಪ್ಪು ಧೂಳೂ ಇಲ್ಲವೆನ್ನುವಷ್ಟು ಕಡಿಮೆ.

ವಿಚಿತ್ರವೆಂದರೆ, ಟ್ರ್ಯಾಕಿಗೆ ಹೇಳಿ ಮಾಡಿಸಿದಂತಿರುವ ಈ ಬ್ರೇಕನ್ನು ಪದೇಪದೇ ಟ್ರ್ಯಾಕಿಗೆ ಹೋಗುವವರಲ್ಲೇ ಎಷ್ಟೋ ಮಂದಿ ಬೇಡವೆನ್ನುತ್ತಾರೆ. ಅತಿ ಶಾಖದಲ್ಲಿ ಡಿಸ್ಕಿನೊಳಗಿನ ಕಾರ್ಬನ್ ಎಳೆಗಳು ನಿಧಾನವಾಗಿ ಉರಿದುಹೋಗುವುದರಿಂದ ಸವೆತವನ್ನು ದಪ್ಪ ನೋಡಿ ಹೇಳಿದರಷ್ಟೇ ಸಾಲದು, ತೂಕವನ್ನೂ ನೋಡಬೇಕು. ಕನಿಷ್ಠ ತೂಕ ಎಷ್ಟೆಂದು ಡಿಸ್ಕಿನ ಮೇಲೆಯೇ ಕೊರೆದಿರುತ್ತದೆ. ಅದಕ್ಕಿಂತ ಇಳಿದರೆ ಬದಲಿಸಬೇಕು, ಆಗ ಬರುವ ಬಿಲ್ಲು ಸಣ್ಣದಲ್ಲ. ಟೈರ್ ಬದಲಿಸುವ ಅಂಗಡಿಯಲ್ಲೂ ಎಚ್ಚರ ಬೇಕು. ಚಕ್ರವನ್ನು ನೇರವಾಗಿ ಎಳೆದರೆ ರಿಮ್ಮಿನ ಒಳಗಂಚು ಡಿಸ್ಕಿಗೆ ತಾಗಿ ಅದರ ಅಂಚು ಚಕ್ಕೆ ಏಳಬಹುದು. ಬಲ್ಲವರು ಬೋಲ್ಟಿನ ಜಾಗದಲ್ಲಿ ಉದ್ದನೆಯ ಗೈಡ್ ಪಿನ್ ತಿರುಗಿಸಿ, ಚಕ್ರವನ್ನು ಅದರ ಮೇಲೆ ಜಾರಿಸಿ ಹೊರತೆಗೆಯುತ್ತಾರೆ. ನೀವು ಹೋಗುವ ಅಂಗಡಿಯಲ್ಲಿ ಆ ಪಿನ್ ಇದೆಯೇ ಎಂದು ಕೇಳಿ. ಎದುರಿನವರ ಮುಖವೇ ಉತ್ತರ ಹೇಳುತ್ತದೆ. ಭಾನುವಾರ ಬೆಳಗ್ಗೆ ಛಾವಣಿ ತೆರೆದು ಘಟ್ಟದ ರಸ್ತೆಯಲ್ಲಿ ಹೋಗಿಬರುವವರಿಗೆ ಸೆರಾಮಿಕ್ ಅಗತ್ಯವಿಲ್ಲ. ಆ ಹಣದ ಒಂದು ಪಾಲಿನಲ್ಲಿ ಟೈರುಗಳನ್ನು ಹೊತ್ತಿಗೆ ಸರಿಯಾಗಿ ಬದಲಿಸಿಕೊಂಡರೆ ಕಾರು ನಿಜವಾಗಿಯೂ ಬೇಗ ನಿಲ್ಲುತ್ತದೆ.

ಪ್ರಶ್ನೆ: ಕಾರ್ಬನ್ ಬಕೆಟ್ ಸೀಟು ನೋಡಲು ಅದ್ಭುತವಾಗಿದೆ. ದಿನನಿತ್ಯ ಬಳಸಬಹುದೇ? ಒಳಾಂಗಣಕ್ಕೆ ಕಪ್ಪು ಚರ್ಮ ಸಾಕಲ್ಲವೇ?

ಉತ್ತರ: ಆ ಸೀಟಿನಲ್ಲಿ ಕೂರುವುದಕ್ಕಿಂತ ಅದರಿಂದ ಏಳುವುದನ್ನು ಅಭ್ಯಾಸ ಮಾಡಿ ನೋಡಿ, ಅದೂ ಛಾವಣಿ ಮುಚ್ಚಿಕೊಂಡು. ಪ್ರದರ್ಶನ ಮಳಿಗೆಯಲ್ಲಿ ಕಾರು ಸದಾ ಛಾವಣಿ ತೆರೆದು ನಿಂತಿರುವುದರಿಂದ ಎಲ್ಲರೂ ಎದ್ದು ನಿಂತು ಸಲೀಸಾಗಿ ಹೊರಬರುತ್ತಾರೆ. ಮುಚ್ಚಿದಾಗ ತಲೆ ತಗ್ಗಿಸಿ, ತೊಡೆಯನ್ನು ಎತ್ತರದ ಅಂಚಿನ ಮೇಲೆ ಹಾಯಿಸಿ, ಒಂದು ಕೈಯನ್ನು ಹೊಸ್ತಿಲಿಗೆ ಊರಿ ಏಳಬೇಕಾಗುತ್ತದೆ. ದಿನಕ್ಕೆ ನಾಲ್ಕು ಸಲವಾದರೆ ಮೊದಲು ಸವೆಯುವುದು ಆ ಅಂಚಿನ ಚರ್ಮ, ಆಮೇಲೆ ನಿಮ್ಮ ಉತ್ಸಾಹ. ಇಂಥ ಸೀಟಿನ ಬೆನ್ನು ಸಾಮಾನ್ಯವಾಗಿ ಹಿಂದಕ್ಕೆ ಒರಗುವುದೂ ಇಲ್ಲ. ಹಲವು ದಿಕ್ಕಿಗೆ ಹೊಂದಿಸಿಕೊಳ್ಳಬಹುದಾದ ಸ್ಪೋರ್ಟ್ ಸೀಟೇ ಹೆಚ್ಚಿನವರಿಗೆ ಸರಿ.

ಬಣ್ಣದ ವಿಷಯದಲ್ಲಿ ಕೂಪೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೆರೆದ ಕಾರನ್ನು ಅರ್ಧ ಗಂಟೆ ಬಿಸಿಲಿನಲ್ಲಿ ನಿಲ್ಲಿಸಿ ಬಂದು ಕಪ್ಪು ಚರ್ಮದ ಮೇಲೆ ಅಂಗೈ ಇಟ್ಟರೆ ಉಳಿದದ್ದನ್ನು ಅದೇ ಹೇಳುತ್ತದೆ. ಬಿಎಂಡಬ್ಲ್ಯು ತನ್ನ ಕನ್ವರ್ಟಿಬಲ್‌ಗಳಿಗೆ ಸೂರ್ಯಕಿರಣವನ್ನು ಪ್ರತಿಫಲಿಸುವ ವರ್ಣದ್ರವ್ಯ ಸೇರಿಸಿದ ಚರ್ಮವನ್ನು ತಂದದ್ದು ಈ ತೊಂದರೆಗಾಗಿಯೇ. ಆದರೂ ಡ್ಯಾಶ್‌ಬೋರ್ಡಿನ ಮೇಲ್ಭಾಗ ಮಾತ್ರ ಕಡುಬಣ್ಣದ್ದೇ ಇರಲಿ. ತಿಳಿಬಣ್ಣವಾದರೆ ಅದರ ಛಾಯೆ ವಿಂಡ್‌ಸ್ಕ್ರೀನಿನಲ್ಲಿ ಮೂಡಿ ಕಣ್ಣಿಗೆ ಕಾಟ ಕೊಡುತ್ತದೆ. ಸೀಟಿನ ಬಿಸಿ, ಗಾಳಿ ಎರಡನ್ನೂ ತೆಗೆದುಕೊಳ್ಳಿ. ಕತ್ತಿನ ಹಿಂದಿನಿಂದ ಬಿಸಿಗಾಳಿ ಊದುವ ವ್ಯವಸ್ಥೆಯನ್ನು ಮರ್ಸಿಡಿಸ್ 2004ರ ಎಸ್‌ಎಲ್‌ಕೆಯಲ್ಲಿ ಮೊದಲು ತಂದಾಗ ಅದು ಬರೀ ತೋರಿಕೆಯ ಗಿಮಿಕ್ ಎಂದು ನಕ್ಕವರುಂಟು. ಚಳಿಯಲ್ಲೂ ಛಾವಣಿ ತೆರೆಯುವಂತೆ ಮಾಡುವ ಆಪ್ಷನ್ ಎಂದರೆ ಅದೊಂದೇ.

ಗಾಳಿತಡೆಯ ಜಾಲರಿಯನ್ನೂ ಇದರೊಡನೆ ಸೇರಿಸಿ ಹೇಳಿಬಿಡುತ್ತೇನೆ. ತೆರೆದ ಕಾರಿನಲ್ಲಿ ಗಾಳಿ ಮುಂದಿನಿಂದ ಹೊಡೆಯುತ್ತದೆಂದು ಭಾವಿಸುತ್ತೇವೆ. ಆದರೆ ವಿಂಡ್‌ಸ್ಕ್ರೀನ್ ದಾಟಿದ ಗಾಳಿ ಹಿಂದೆ ಸುರುಳಿ ಸುತ್ತಿ, ಒತ್ತಡ ಕಡಿಮೆಯಿರುವ ಕ್ಯಾಬಿನ್ನಿಗೆ ಹಿಂದಿನಿಂದಲೇ ನುಗ್ಗುತ್ತದೆ. ಉದ್ದ ಕೂದಲಿನವರು ಪಕ್ಕದಲ್ಲಿ ಕುಳಿತಾಗ ಗಮನಿಸಿ, ಕೂದಲು ಹಾರುವುದು ಮುಖದ ಮೇಲಕ್ಕೆ. ತಲೆಯ ಹಿಂದಿನ ಜಾಲರಿ ಆ ಸುರುಳಿಯನ್ನು ಒಡೆಯುತ್ತದೆ. ಅದು ಪ್ರತ್ಯೇಕ ಆಪ್ಷನ್ ಆಗಿದ್ದರೆ ಯೋಚಿಸದೆ ಹಾಕಿಸಿ.

ಪ್ರಶ್ನೆ: ಅತ್ಯುನ್ನತ ದರ್ಜೆಯ ಸೌಂಡ್ ಸಿಸ್ಟಮ್?

ಉತ್ತರ: ಬೇಡ. ಹೆದ್ದಾರಿಯ ವೇಗದಲ್ಲಿ ಛಾವಣಿ ತೆರೆದಾಗ ಗಾಳಿಯ ಸದ್ದು ಸೂಕ್ಷ್ಮ ಸ್ವರಗಳನ್ನೆಲ್ಲ ನುಂಗುತ್ತದೆ. ಮಧ್ಯಮ ದರ್ಜೆಯದು ಸಾಕು.

ಪ್ರಶ್ನೆ: ಮೂಗು ಎತ್ತುವ ವ್ಯವಸ್ಥೆ, ತಿರುಗುವ ಹಿಂಚಕ್ರ ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದೆ.

ಉತ್ತರ: ನಿಮ್ಮ ಗ್ಯಾರೇಜಿನ ಇಳಿಜಾರನ್ನು ಕೇಳಿ. ಹಿಂಚಕ್ರಗಳು ಸುಮಾರು 50 ಕಿ.ಮೀ. ವೇಗದ ಕೆಳಗೆ ಮುಂಚಕ್ರಕ್ಕೆ ಎದುರು ದಿಕ್ಕಿಗೂ ಸುಮಾರು 80ರ ಮೇಲೆ ಅದೇ ದಿಕ್ಕಿಗೂ ತುಸು ತಿರುಗುವುದರಿಂದ ಕಾರು ನಗರದಲ್ಲಿ ಗಿಡ್ಡವಾದಂತೆಯೂ ಹೆದ್ದಾರಿಯಲ್ಲಿ ಉದ್ದವಾದಂತೆಯೂ ವರ್ತಿಸುತ್ತದೆ. ಇದು ಪ್ರತಿ ತಿರುವಿನಲ್ಲೂ ಸಿಗುವ ಸುಖ. ಆದರೆ ಮೂಗು ನೆಲಕ್ಕೆ ಉಜ್ಜುವ ಒಂದೇ ಒಂದು ಉಬ್ಬು ದಿನದ ದಾರಿಯಲ್ಲಿದ್ದರೂ ನನ್ನ ಓಟು ಲಿಫ್ಟಿಗೆ. ಸುಮಾರು 40 ಮಿ.ಮೀ. ಎತ್ತುವ ಕಾರ್ವೆಟ್ ಸಿ8ರ ವ್ಯವಸ್ಥೆ ಅಂಥ 1000 ಜಾಗಗಳನ್ನು ಜಿಪಿಎಸ್ ಮೂಲಕ ನೆನಪಿಟ್ಟುಕೊಂಡು ತಾನಾಗಿಯೇ ಏಳುತ್ತದೆ.

ಪ್ರಶ್ನೆ: ಮಾರುವಾಗ ಆಪ್ಷನ್‌ಗಳ ಹಣ ವಾಪಸು ಬರುತ್ತದೆಯೇ?

ಉತ್ತರ: ಪೂರ್ತಿ ಬರುವುದಿಲ್ಲ, ಕಾರಿಗಿಂತ ಆಪ್ಷನ್‌ಗಳೇ ಬೇಗ ಬೆಲೆ ಕಳೆದುಕೊಳ್ಳುತ್ತವೆ. ಆದರೆ ಕೆಲವು ಇಲ್ಲದಿದ್ದರೆ ಗಿರಾಕಿಯೇ ಬರುವುದಿಲ್ಲ. 1953ರ ಮೊದಲ ಕಾರ್ವೆಟ್‌ನಲ್ಲಿ ಈ ತಲೆನೋವು ಇರಲಿಲ್ಲ: ತಯಾರಾದ 300 ಕಾರುಗಳೂ ತೆರೆದ ಕಾರುಗಳೇ, ಎಲ್ಲವೂ ಬಿಳಿ, ಒಳಗೆಲ್ಲ ಕೆಂಪು. ಪಟ್ಟಿಯಲ್ಲಿದ್ದ ಆಪ್ಷನ್‌ಗಳು ಎರಡು, ಹೀಟರ್ ಮತ್ತು ರೇಡಿಯೋ. ಅವೂ ಎಲ್ಲ ಕಾರುಗಳಿಗೂ ಬಂದವು. ಇಂದು 911 ಹುಡುಕುವವರು ಸ್ಪೋರ್ಟ್ ಕ್ರೋನೋ ಪ್ಯಾಕೇಜ್ (ಚಾಲನೆಯ ಬಗೆ ಬದಲಿಸುವ ಗುಂಡಿ, ಡ್ಯಾಶ್‌ಬೋರ್ಡಿನ ಸಮಯಮಾಪಕ ಇತ್ಯಾದಿಗಳ ಕಟ್ಟು), ಸ್ಪೋರ್ಟ್ ಎಕ್ಸಾಸ್ಟ್, ಒಳ್ಳೆಯ ಸೀಟು ಇವೆಯೇ ಎಂದು ಮೊದಲು ನೋಡುತ್ತಾರೆ. ಒಳಗಿನ ಹೊಲಿಗೆ ದಾರದ ಬಣ್ಣಕ್ಕೆ ನೀವು ತೆತ್ತ ಹಣವನ್ನು ಯಾರೂ ಕೊಡುವುದಿಲ್ಲ. ಹೊರಬಣ್ಣವನ್ನು ಮಾತ್ರ ಛಾವಣಿಯ ಬಟ್ಟೆಯ ತುಣುಕಿನೊಂದಿಗೆ ಪಕ್ಕಪಕ್ಕದಲ್ಲಿಟ್ಟು, ಹಗಲು ಬೆಳಕಿನಲ್ಲಿ ನೋಡಿ ನಿರ್ಧರಿಸಿ. ಪರದೆಯ ಮೇಲಿನ ಕಡುನೀಲಿ ಬಟ್ಟೆ ಅಂಗಳದಲ್ಲಿ ಬೇರೆಯೇ ನೀಲಿಯಾಗಿರುತ್ತದೆ. ಆರ್ಡರನ್ನು ಬದಲಿಸಲು ಕಾರ್ಖಾನೆ ಕೊಡುವ ಕೊನೆಯ ದಿನಾಂಕವನ್ನು ಡೀಲರಿನಿಂದ ಬರಹದಲ್ಲಿ ಪಡೆದುಕೊಳ್ಳಿ. ಅದಕ್ಕೆ ಒಂದು ವಾರ ಮೊದಲು ಪಟ್ಟಿಯನ್ನು ಅಚ್ಚು ಮಾಡಿಸಿಕೊಂಡು, ಇನ್ನೊಮ್ಮೆ ಟೆಸ್ಟ್ ಡ್ರೈವ್ ಕೇಳಿ, ಛಾವಣಿ ತೆರೆದು ಓಡಿಸಿ ಬಂದು, ಒಂದೊಂದೇ ಸಾಲನ್ನು ಹೊಡೆದುಹಾಕುತ್ತಾ ಹೋಗಿ.