ಬಿಪಿ ಇಳಿದರೆ ನಾಡಿ ಏರುವುದೇಕೆ?

ಓದುಗರ ಪ್ರಶ್ನೆಗಳಲ್ಲಿ ಈ ಬಾರಿ ರಕ್ತದೊತ್ತಡ ಮತ್ತು ಹೃದಯ ಬಡಿತದ ನಂಟಿನ ಕುರಿತು ಬಂದವನ್ನು ಆರಿಸಿಕೊಂಡು ಉತ್ತರಿಸಿದ್ದೇವೆ.

ಪ್ರಶ್ನೆ: ಬಿಪಿ ಯಂತ್ರ ಮೂರು ಸಂಖ್ಯೆ ತೋರಿಸುತ್ತದೆ, ಮೂರನೆಯದು ನಾಡಿ. ಬಿಪಿ ಕಡಿಮೆ ಬಂದ ದಿನ ನಾಡಿ ಜಾಸ್ತಿ ಬರುತ್ತದೆ. ಇವೆರಡಕ್ಕೂ ಏನು ಸಂಬಂಧ?

ಉತ್ತರ: ಎರಡನ್ನೂ ಒಂದೇ ನರಜಾಲ ಹಿಡಿದಿಟ್ಟಿದೆ. ಕುತ್ತಿಗೆಯ ಎರಡೂ ಪಕ್ಕ, ದವಡೆಯ ಮೂಲೆಯ ಕೆಳಗೆ, ಕೆರೋಟಿಡ್ ಅಪಧಮನಿ ಎರಡಾಗಿ ಕವಲೊಡೆಯುತ್ತದೆ. ಕವಲಿನ ಬುಡ ತುಸು ಉಬ್ಬಿದಂತಿರುತ್ತದೆ. ಅದೇ ಕೆರೋಟಿಡ್ ಸೈನಸ್. ಅದರ ಗೋಡೆಯಲ್ಲೂ ಹೃದಯದಿಂದ ಹೊರಟ ಮಹಾಪಧಮನಿಯ ಕಮಾನಿನಲ್ಲೂ ಸೂಕ್ಷ್ಮ ನರತುದಿಗಳು ಹರಡಿಕೊಂಡಿವೆ. ನಾವು ಅವನ್ನು ಒತ್ತಡಗ್ರಾಹಿಗಳು ಎನ್ನುತ್ತೇವಾದರೂ ಅವುಗಳಿಗೆ ನಿಜವಾಗಿ ಗೊತ್ತಾಗುವುದು ರಕ್ತನಾಳದ ಗೋಡೆ ಎಷ್ಟು ಹಿಗ್ಗಿತು ಎಂಬುದು. ಈ ಹಿಗ್ಗನ್ನು ಗುರುತಿಸುವ ಪ್ರೋಟೀನ್‌ಗಳು ಪೀಜೋ-1 ಮತ್ತು ಪೀಜೋ-2 ಎಂದು 2018ರಲ್ಲಿ ಇಲಿಗಳ ಮೇಲಿನ ಪ್ರಯೋಗ ತೋರಿಸಿತು. ಒತ್ತಡ ಏರಿದರೆ ನಾಡಿ ಇಳಿಯುತ್ತದೆ, ಇಳಿದರೆ ಏರುತ್ತದೆ ಎಂಬುದನ್ನು ಫ್ರಾನ್ಸಿನ ಎತಿಯೆನ್ ಜೂಲ್ ಮಾರೆ 1859ರಲ್ಲೇ ಗಮನಿಸಿದ್ದರು. ಕಾರಣದ ಎಳೆ ಹೀಗೆ ಪ್ರೋಟೀನ್‌ವರೆಗೆ ಸಿಗಲು ಒಂದೂವರೆ ಶತಮಾನ ಹಿಡಿಯಿತು.

ಕುತ್ತಿಗೆಯ ಸುದ್ದಿ ಒಂಬತ್ತನೆಯ ಕಪಾಲನರದಲ್ಲಿ, ಮಹಾಪಧಮನಿಯ ಸುದ್ದಿ ಹತ್ತನೆಯದಾದ ವೇಗಸ್ ನರದಲ್ಲಿ ಸಾಗಿ ಮೆದುಳ ಕಾಂಡದ ಕೆಳತುದಿಯಾದ ಮೆಡುಲಾ ತಲುಪುತ್ತದೆ. ಅಲ್ಲಿಂದ ಹೊರಡುವ ಆಜ್ಞೆಗೆ ಎರಡು ದಾರಿ. ಒಂದು ವೇಗಸ್ ನರ. ಇದು ಹೃದಯಕ್ಕೆ ಬ್ರೇಕು. ಯುವಕರ ಹೃದಯಕ್ಕೆ ನರಗಳ ಹಿಡಿತವೇ ಇಲ್ಲದಿದ್ದರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವಿಶ್ರಾಂತಿಯಲ್ಲಿ 60–80ಕ್ಕೆ ಇಳಿದಿರುವುದು ವೇಗಸ್ ಸದಾ ಬ್ರೇಕು ಹಿಡಿದಿರುವುದರಿಂದ. ಎರಡನೆಯದು ಬೆನ್ನುಹುರಿಯ ಮೂಲಕ ಇಳಿಯುವ ಸಿಂಪಥೆಟಿಕ್ ನರಗಳು. ಇವು ಬಡಿತದ ವೇಗವನ್ನೂ ಬಿರುಸನ್ನೂ ಹೆಚ್ಚಿಸುತ್ತವೆ, ರಕ್ತನಾಳಗಳನ್ನು ಬಿಗಿಗೊಳಿಸುತ್ತವೆ.

ಬಿಪಿ ಇಳಿದು ಗೋಡೆಯ ಹಿಗ್ಗು ಕಡಿಮೆಯಾದರೆ ಮೆಡುಲಾಕ್ಕೆ ಹೋಗುವ ಸಂಕೇತ ವಿರಳವಾಗುತ್ತದೆ. ಆಗ ಮೊದಲು ಬ್ರೇಕು ಸಡಿಲವಾಗುತ್ತದೆ, ಅದರ ಫಲ ಮುಂದಿನ ಒಂದೆರಡು ಬಡಿತಗಳಲ್ಲೇ ಕಾಣುತ್ತದೆ. ಸಿಂಪಥೆಟಿಕ್ ನಿಧಾನಿ: ಎರಡು ಮೂರು ಸೆಕೆಂಡು ತಡವಾಗಿ ಶುರುವಾಗಿ ಪೂರ್ತಿ ಬಲಕ್ಕೆ ಬರಲು ಹತ್ತು ಸೆಕೆಂಡಿಗೂ ಹೆಚ್ಚು ತೆಗೆದುಕೊಳ್ಳುತ್ತದೆ. ಬಿಪಿ ಏರಿದಾಗ ಎಲ್ಲವೂ ತಿರುವುಮುರುವು.

ಪ್ರಶ್ನೆ: ಹಾಗಿದ್ದರೆ ಓಡುವಾಗ, ಹೆದರಿದಾಗ ಬಿಪಿ ಮತ್ತು ನಾಡಿ ಒಟ್ಟಿಗೆ ಏರುವುದೇಕೆ?

ಉತ್ತರ: ಆಗ ಮೆದುಳೇ ಗುರಿಯನ್ನು ಮೇಲಕ್ಕೆ ಸರಿಸಿರುತ್ತದೆ. ಓಡಲು ಸ್ನಾಯುಗಳಿಗೆ ಆಜ್ಞೆ ಹೋದ ಕ್ಷಣವೇ ಮೆಡುಲಾಕ್ಕೂ ಒಂದು ಪ್ರತಿ ತಲುಪುತ್ತದೆ. ದುಡಿಯುವ ಸ್ನಾಯುಗಳಿಂದಲೂ ನರಗಳ ಮೂಲಕ ಸುದ್ದಿ ಬರುತ್ತದೆ. 120ರ ಸುತ್ತ ಕಾಯುತ್ತಿದ್ದ ವ್ಯವಸ್ಥೆ, ಉದಾಹರಣೆಗೆ, 160ರ ಸುತ್ತ ಕಾಯಲು ಶುರು ಮಾಡುತ್ತದೆ. ಓಟ ನಿಂತೊಡನೆ ಗುರಿ ಕೆಳಗಿಳಿಯುತ್ತದೆ, ಆದರೆ ಕಾಲಿನ ರಕ್ತನಾಳಗಳು ಇನ್ನೂ ಅಗಲವಾಗಿಯೇ ಇರುತ್ತವೆ. ಗಕ್ಕನೆ ನಿಂತವರಿಗೆ ತಲೆ ತಿರುಗುವುದು ಅದಕ್ಕೇ. ಐದು ನಿಮಿಷ ನಿಧಾನ ನಡೆದು ನಿಲ್ಲಿಸಿ.

ಪ್ರಶ್ನೆ: ಹಾಸಿಗೆಯಿಂದ ಎದ್ದೊಡನೆ ಕಣ್ಣಿಗೆ ಕತ್ತಲೆ ಕವಿಯುತ್ತದೆ. ಕುಳಿತು ನೋಡಿದರೆ ಬಿಪಿ ಸರಿಯಾಗಿಯೇ ಇದೆ. ತೊಂದರೆ ಎಲ್ಲಿದೆ ಎಂದು ಮನೆಯಲ್ಲೇ ತಿಳಿಯಬಹುದೇ?

ಉತ್ತರ: ಬಹುಮಟ್ಟಿಗೆ ತಿಳಿಯಬಹುದು, ಕುಳಿತು ನೋಡಿದರೆ ಮಾತ್ರ ಸಿಗುವುದಿಲ್ಲ. ಎದ್ದು ನಿಂತಾಗ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರಿನಷ್ಟು ರಕ್ತ ಕಾಲು ಮತ್ತು ಹೊಟ್ಟೆಯ ಅಭಿಧಮನಿಗಳಿಗೆ ಇಳಿಯುತ್ತದೆ. ಹೃದಯಕ್ಕೆ ಮರಳುವ ರಕ್ತ ತಗ್ಗುತ್ತದೆ. ಮೇಲೆ ಹೇಳಿದ ನರಗಳು ಸರಿಯಿದ್ದರೆ ನಾಡಿ 10–20 ಏರಿ, ನಾಳಗಳು ಬಿಗಿಯಾಗಿ, ಅರ್ಧ ನಿಮಿಷದೊಳಗೆ ಎಲ್ಲ ತಹಬಂದಿಗೆ ಬರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಪಕ್ಕದಲ್ಲಿ ಒಬ್ಬರಿರಲಿ. ತೋಳಿಗೆ ಪಟ್ಟಿ ಕಟ್ಟಿಕೊಂಡು 5 ನಿಮಿಷ ಅಂಗಾತ ಮಲಗಿ, ಮಾತಾಡದೆ, ಬಿಪಿ ಮತ್ತು ನಾಡಿ ಬರೆದುಕೊಳ್ಳಿ. ಎದ್ದು ನಿಂತು 1ನೇ ನಿಮಿಷಕ್ಕೆ ಒಮ್ಮೆ, 3ನೇ ನಿಮಿಷಕ್ಕೆ ಇನ್ನೊಮ್ಮೆ ನೋಡಿ. ನಿಂತಾಗ ತೋಳು ಜೋಲುಬಿದ್ದರೆ ಲೆಕ್ಕ ಕೆಡುತ್ತದೆ: ಪಟ್ಟಿ ಹೃದಯದ ಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಬಿಪಿ ಸುಮಾರು 8 ಹೆಚ್ಚು ತೋರಿಸುತ್ತದೆ, ನಿಜವಾದ ಇಳಿಕೆ ಮುಚ್ಚಿಹೋಗುತ್ತದೆ. ಆದ್ದರಿಂದ ಮುಂಗೈಯನ್ನು ಎದೆಮಟ್ಟದಲ್ಲಿ ಯಾವುದಾದರೂ ಆಸರೆಯ ಮೇಲಿಡಿ. ತಲೆ ಸುತ್ತಿದರೆ ಅಲ್ಲಿಗೇ ಬಿಟ್ಟು ಮಲಗಿಬಿಡಿ.

ಮೇಲಿನ ಬಿಪಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗಿನ ಬಿಪಿ ಕುಸಿತ. ಇಲ್ಲಿ ನಾಡಿಯ ಸಂಖ್ಯೆಯೇ ಕಾರಣದ ಸುಳಿವು ಕೊಡುತ್ತದೆ. ಅದನ್ನು ಬರೆಯದೆ ಬಿಪಿಯೊಂದನ್ನೇ ವೈದ್ಯರಿಗೆ ಒಯ್ಯುವುದು ಅರ್ಧ ಚೀಟಿ ಒಯ್ದಂತೆ. ಒಬ್ಬರಿಗೆ 138ರಿಂದ 108ಕ್ಕೆ ಇಳಿದು ನಾಡಿ 72ರಿಂದ 100ಕ್ಕೆ ಏರಿತು ಎನ್ನೋಣ. ನರಗಳು ದುಡಿಯುತ್ತಿವೆ, ಮೈಯಲ್ಲಿ ದ್ರವವೇ ಸಾಲದು: ಭೇದಿ, ಜ್ವರ, ರಕ್ತಸ್ರಾವ, ಮೂತ್ರ ಹೆಚ್ಚಿಸುವ ಮಾತ್ರೆ, ಇಂಥದ್ದೇನೋ ಇರಬೇಕು. ಇನ್ನೊಬ್ಬರಿಗೆ ಅಷ್ಟೇ ಇಳಿದರೂ ನಾಡಿ 78ಕ್ಕೆ ನಿಂತಿತು. ಏರಿಕೆ 6, ಇಳಿಕೆ 30, ಭಾಗಿಸಿದರೆ 0.2. ಇದು 0.5ಕ್ಕಿಂತ ಕಡಿಮೆಯಿದ್ದರೆ ನರಗಳೇ ಸೋತಿರುವ ಸಂಶಯ. ಹಳೆಯ ಮಧುಮೇಹ, ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಹೀಗಾಗುತ್ತದೆ. ಆದರೆ ನಾಡಿ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ನುಂಗುವವರಿಗೆ, ಪೇಸ್‌ಮೇಕರ್ ಇರುವವರಿಗೆ, ನಾಡಿ ಅಡ್ಡಾದಿಡ್ಡಿ ಬಡಿಯುವವರಿಗೆ ಈ ಭಾಗಾಕಾರ ಹೊಂದುವುದಿಲ್ಲ.

ಬಿಪಿ ಇಳಿಯದೆ, ನಿಂತ 10 ನಿಮಿಷದೊಳಗೆ ನಾಡಿ ಮಾತ್ರ 30ಕ್ಕೂ ಹೆಚ್ಚು (12ರಿಂದ 19 ವಯಸ್ಸಿನವರಲ್ಲಿ 40ಕ್ಕೂ ಹೆಚ್ಚು) ಏರಿ, ಜೊತೆಗೆ ತಲೆಸುತ್ತು, ನಡುಕ, ಸುಸ್ತು ತಿಂಗಳುಗಟ್ಟಲೆ ಕಾಡಿದರೆ ಅದು ಪಾಟ್ಸ್ ಎಂಬ ಬೇರೆಯೇ ತೊಂದರೆ ಇರಬಹುದು. ಕತ್ತಲೆ ಕವಿಯುವುದು ಎದ್ದ ಮೊದಲ 15 ಸೆಕೆಂಡು ಮಾತ್ರ ಎಂದಾದರೆ ಮನೆಯ ಯಂತ್ರಕ್ಕೆ ಅದು ಸಿಗುವುದೇ ಇಲ್ಲ, ಒಂದು ಅಳತೆ ಮುಗಿಸಲು ಅದಕ್ಕೆ ಅರ್ಧ ನಿಮಿಷ ಬೇಕು.

ಎದ್ದೇಳುವ ಮುಂಚೆ ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕುಳಿತು, ಪಾದ ಮೇಲೆ ಕೆಳಗೆ ಆಡಿಸಿ ಮೀನಖಂಡ ಬಿಗಿಮಾಡಿ. ನಿಂತಾಗ ಕಣ್ಣು ಮಂಜಾದರೆ ಕಾಲು ಕತ್ತರಿಯಂತೆ ಹೆಣೆದು ತೊಡೆ, ಪೃಷ್ಠ, ಹೊಟ್ಟೆ ಬಿಗಿಹಿಡಿಯಿರಿ. ಕೆಳಗಿಳಿದ ರಕ್ತ ಹೃದಯದತ್ತ ತಳ್ಳಲ್ಪಡುತ್ತದೆ. ನರ ಸೋತವರಲ್ಲಿ ಅರ್ಧ ಲೀಟರು ನೀರನ್ನು ಒಮ್ಮೆಗೇ ಕುಡಿದರೆ ಬಿಪಿ ಸ್ವಲ್ಪ ಹೊತ್ತು ಏರುತ್ತದೆ. ಹೃದಯ, ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹಾಕಿದ್ದರೆ ಇದನ್ನು ಮಾಡಬೇಡಿ. ಪ್ರಜ್ಞೆ ತಪ್ಪಿ ಬಿದ್ದಿದ್ದರೆ, ಎದೆನೋವಿದ್ದರೆ, ಮಲ ಕಪ್ಪಗಿದ್ದರೆ ಮನೆಯ ಪರೀಕ್ಷೆ ಬೇಡ, ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ಏರಿದ ಬಿಪಿ ಇಳಿಸಲು ಇಷ್ಟೆಲ್ಲ ವ್ಯವಸ್ಥೆ ಇರುವಾಗ ವರ್ಷಗಟ್ಟಲೆ ಬಿಪಿ ಏರಿಯೇ ಉಳಿಯುವುದು ಹೇಗೆ?

ಉತ್ತರ: ಈ ನರಗಳು ಕ್ಷಣಕ್ಷಣದ ಏರಿಳಿತದ ಕಾವಲುಗಾರರು, ದಿನಗಟ್ಟಲೆ ಏರಿ ನಿಂತ ಒತ್ತಡಕ್ಕೆ ಒಗ್ಗಿಹೋಗುತ್ತವೆ. 160 ಇದ್ದರೆ 160ನ್ನೇ ಸರಿಯೆಂದು ಹಿಡಿದು ಅಲ್ಲಿಯೇ ಕಾಯುತ್ತವೆ. ದೀರ್ಘಕಾಲದ ಮಟ್ಟವನ್ನು ಮುಖ್ಯವಾಗಿ ನಿರ್ಧರಿಸುವುದು ಮೂತ್ರಪಿಂಡ, ಅದು ಉಪ್ಪು ಮತ್ತು ನೀರನ್ನು ಎಷ್ಟು ಹೊರಹಾಕುತ್ತದೆ ಎಂಬುದರ ಮೂಲಕ. ವಯಸ್ಸಾದಂತೆ ನಾಳದ ಗೋಡೆ ಗಡುಸಾಗುವುದೂ ಸೇರಿಕೊಳ್ಳುತ್ತದೆ. ಒತ್ತಡವಿದ್ದರೂ ಗೋಡೆ ಹಿಗ್ಗದು, ಹಿಗ್ಗದಿದ್ದರೆ ನರತುದಿಗೆ ಸುದ್ದಿ ಇಲ್ಲ. ಹೀಗಾಗಿಯೇ ಬಹಳಷ್ಟು ಹಿರಿಯರಿಗೆ ಮಲಗಿದಾಗ ಬಿಪಿ ಹೆಚ್ಚು, ನಿಂತಾಗ ಕುಸಿತ, ಎರಡೂ ಇರುತ್ತವೆ.

ಪ್ರಶ್ನೆ: ಬಿಪಿ ಮಾತ್ರೆ ಶುರುಮಾಡಿದ ಮೇಲೆ ಎದೆ ಡವಡವ ಎನ್ನುತ್ತದೆ. ಮಾತ್ರೆ ಒಗ್ಗಲಿಲ್ಲವೇ?

ಉತ್ತರ: ರಕ್ತನಾಳ ಸಡಿಲಿಸುವ ಮಾತ್ರೆಯಾದರೆ ಇದು ನಿರೀಕ್ಷಿತವೇ. ನಾಳ ಸಡಿಲಿ ಬಿಪಿ ಇಳಿದೊಡನೆ ನರಗಳು ನಾಡಿ ಏರಿಸುತ್ತವೆ. ಬೇಗನೆ ಕೆಲಸ ಮಾಡುವ ನಿಫೆಡಿಪಿನ್‌ನಲ್ಲಿ ಇದು ಜೋರು, ನಿಧಾನವಾಗಿ ಹತ್ತುವ ಅಮ್ಲೋಡಿಪಿನ್‌ನಲ್ಲಿ ಕಡಿಮೆ. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಕೂಡ ನಾಳವನ್ನು ಸಡಿಲಿಸುತ್ತದೆ, ಜೊತೆಗಿದ್ದರೆ ವೈದ್ಯರಿಗೆ ಹೇಳಿ. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳು ಇದಕ್ಕೆ ವಿರುದ್ಧ, ನಾಡಿಯನ್ನೇ ತಗ್ಗಿಸುತ್ತವೆ. ಅವನ್ನು ಸ್ವಂತ ನಿರ್ಧಾರದಿಂದ ಒಮ್ಮೆಲೇ ನಿಲ್ಲಿಸಬಾರದು. ಸಿಂಪಥೆಟಿಕ್ ಆಜ್ಞೆಗೆ ಹೃದಯ ಅಷ್ಟರಲ್ಲಿ ಹೆಚ್ಚು ಸೂಕ್ಷ್ಮವಾಗಿರುತ್ತದೆ, ನಾಡಿ ಮತ್ತು ಬಿಪಿ ಎರಡೂ ಚಿಮ್ಮುತ್ತವೆ.

ಪ್ರಶ್ನೆ: ಎದೆ ಬಡಿತ ಜೋರಾದಾಗ ಕುತ್ತಿಗೆಯ ನರ ಒತ್ತಿದರೆ ಇಳಿಯುತ್ತದಂತೆ, ನಿಜವೇ?

ಉತ್ತರ: ನಿಜ, ಮತ್ತು ಅದಕ್ಕೇ ಮನೆಯಲ್ಲಿ ಮಾಡಬಾರದು. ಒತ್ತಿದಾಗ ಕೆರೋಟಿಡ್ ಸೈನಸ್ ಅದನ್ನು ಬಿಪಿ ಏರಿತೆಂದೇ ತಿಳಿದು ಬ್ರೇಕು ಹಾಕಿಸುತ್ತದೆ. ಕೆಲವು ಹಿರಿಯರಲ್ಲಿ ಈ ಜಾಗ ಅತಿಸೂಕ್ಷ್ಮ; ಹೃದಯ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ನಿಂತು, ಬಿಗಿ ಕಾಲರ್ ಅಥವಾ ಕತ್ತು ಹೊರಳಿಸುವುದರಿಂದಲೂ ಬಿದ್ದುಬಿಡುತ್ತಾರೆ. ಅಪಧಮನಿಯಲ್ಲಿ ಕೊಬ್ಬಿನ ಪದರವಿದ್ದರೆ ಅದರ ಚೂರು ಕಳಚಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಆಗಬಹುದು. ವೈದ್ಯರು ಇದನ್ನು ಮಾಡುವುದಾದರೂ ಇಸಿಜಿ ನೋಡುತ್ತಾ, ಒಂದು ಬದಿಗೆ ಮಾತ್ರ, ಕೆಲವೇ ಸೆಕೆಂಡು.